ನೆರಿಗೆ ಹಿಡಿದು ಕೈಬಿಡುವ ಔಷಧ: ಫ್ಯಾಬ್ರಿ ಕಾಯಿಲೆಯ ಒಂದು ಪ್ರಕರಣ

2012ರ ಡಿಸೆಂಬರ್. ಅಮೆರಿಕದ ನ್ಯೂ ಜೆರ್ಸಿಯಲ್ಲಿರುವ ಆಮಿಕಸ್ ಥೆರಪ್ಯುಟಿಕ್ಸ್ ಎಂಬ ಕಂಪನಿ ಫ್ಯಾಬ್ರಿ ಎಂಬ ಅಪರೂಪದ, ಜೀನ್ ಮೂಲಕ ಬರುವ ಕಾಯಿಲೆಗೆ ತಯಾರಿಸಿದ್ದ ತನ್ನ ಮಿಗಲಾಸ್ಟಾಟ್ ಎಂಬ ಔಷಧದ ಮುಖ್ಯ ಪ್ರಯೋಗದ ಫಲಿತಾಂಶ ಹೊರಗಿಟ್ಟಿತು. ಔಷಧ ತಗೊಂಡ 32 ಜನರಲ್ಲಿ 13 ಮಂದಿಗೆ ಗುಣ ಕಂಡಿತ್ತು. ಅಂದರೆ 41%. ಒಳಗೆ ಔಷಧವೇ ಇಲ್ಲದ ಕ್ಯಾಪ್ಸೂಲ್ ನುಂಗಿದ 32 ಜನರಲ್ಲೂ 9 ಮಂದಿಗೆ ಗುಣ ಕಂಡಿತ್ತು. ಅದು 28%. ಔಷಧದಲ್ಲಿ ಏನೂ ದಮ್ಮಿಲ್ಲದಿದ್ದರೂ ಇಷ್ಟು ಅಂತರ ಬರುವ ಸಾಧ್ಯತೆ ನೂರಕ್ಕೆ 30. ಇಂಥ ಪ್ರಯೋಗಕ್ಕೆ ಪರೀಕ್ಷೆಯ ಭಾಷೆಯಲ್ಲಿ ಒಂದೇ ಹೆಸರು, ಫೇಲ್.

ಅದೇ ಔಷಧಕ್ಕೆ 2016ರ ಮೇ ತಿಂಗಳಲ್ಲಿ ಯುರೋಪ್ ಒಪ್ಪಿಗೆ ಕೊಟ್ಟಿತು. 2018ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಔಷಧಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆ ಎಫ್‌ಡಿಎ ಕೂಡ ಕೊಟ್ಟಿತು. ಔಷಧ ಬದಲಾಗಿರಲಿಲ್ಲ. ಡೋಸೂ ಬದಲಾಗಿರಲಿಲ್ಲ.

ಕೇಳಿದರೆ ಅನುಮಾನ ಬರುತ್ತದೆ, ಅಲ್ವಾ? ದುಡ್ಡು, ಲಾಬಿ, ಒತ್ತಡ ಎಲ್ಲ ನೆನಪಾಗುತ್ತದೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಒಳಗೆ ಇಳಿದು ನೋಡಿದರೆ ವಿಷಯ ಬೇರೆ. ಈ ಔಷಧ ಕೆಲಸ ಮಾಡುವುದು ಕಾಯಿಲೆಯ ಹೆಸರಿನ ಮೇಲಲ್ಲ, ಒಂದು ಪ್ರೋಟೀನ್ ಮಡಚಿಕೊಳ್ಳುವ ರೀತಿಯ ಮೇಲೆ. ಹೆಸರು ನೋಡಿ ರೋಗಿಗಳನ್ನು ಸೇರಿಸಿದರೆ ಸಾಕಾಗುವುದಿಲ್ಲ ಅನ್ನುವುದು ಪ್ರಯೋಗ ನಡೆಸುತ್ತಾ ನಡೆಸುತ್ತಾ ಗೊತ್ತಾದ ಮಾತು.

ಕಾಲು ಉರಿಯುವ ಹುಡುಗ

1898ರಲ್ಲಿ ಜರ್ಮನಿಯ ಡಾರ್ಟ್‌ಮುಂಡ್‌ನ ಯೋಹಾನೆಸ್ ಫ್ಯಾಬ್ರಿ ಮತ್ತು ಇಂಗ್ಲೆಂಡಿನ ವಿಲಿಯಂ ಆಂಡರ್ಸನ್, ಒಬ್ಬರದು ಒಬ್ಬರಿಗೆ ಗೊತ್ತಿಲ್ಲದೆ, ಒಂದೇ ಥರದ ರೋಗಿಗಳ ಬಗ್ಗೆ ಬರೆದರು. ಇಬ್ಬರ ಕಣ್ಣಿಗೂ ಬಿದ್ದದ್ದು ಚರ್ಮದ ಮೇಲಿನ ಸಣ್ಣ ಕಡುಗೆಂಪು ಚುಕ್ಕೆಗಳು. ಚರ್ಮದ್ದು ಈ ಕಾಯಿಲೆಯಲ್ಲಿ ತೀರಾ ಚಿಕ್ಕ ತೊಂದರೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಸಾಮಾನ್ಯವಾಗಿ ಇದು ಶುರುವಾಗುವುದು ಹೀಗೆ. ಏಳೆಂಟು ವರ್ಷದ ಹುಡುಗ ಅಂಗೈ ಅಂಗಾಲು ಉರಿ ಅನ್ನುತ್ತಾನೆ. ಜ್ವರ ಬಂದರೆ, ಬಿಸಿಲಲ್ಲಿ ಓಡಿದರೆ ಉರಿ ಜಾಸ್ತಿ. ಪಿ.ಟಿ. ಪೀರಿಯಡ್‌ನಲ್ಲಿ ಎಲ್ಲರೂ ಬೆವರಿ ತೊಯ್ದಿದ್ದರೆ ಇವನ ಅಂಗಿ ಒಣಗಿರುತ್ತದೆ. ಮೈ ಮಾತ್ರ ಕಾದ ಹೆಂಚು. ಮನೆಯಲ್ಲಿ 'ಬೆಳೆಯೋ ವಯಸ್ಸು, ಕಾಲು ನೋಯುತ್ತೆ ಬಿಡು' ಅನ್ನುತ್ತಾರೆ. ಶಾಲೆಯಲ್ಲಿ 'ಆಟ ತಪ್ಪಿಸೋಕೆ ನೆಪ' ಅನ್ನುತ್ತಾರೆ. ಕಣ್ಣಿನ ಡಾಕ್ಟರು ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿದರೆ ಕಾರ್ನಿಯಾದ ಮೇಲೆ ಸುಳಿಸುಳಿಯಾದ ಗೆರೆ ಕಂಡಾವು. ಆದರೆ ಕಾಲು ಉರಿ ಅಂತ ಕಣ್ಣಿನ ಡಾಕ್ಟರ ಹತ್ತಿರ ಯಾರು ಹೋಗುತ್ತಾರೆ? ಹೀಗೇ ವರ್ಷಗಳು ಉರುಳುತ್ತವೆ. ಮೂವತ್ತು ನಲವತ್ತರ ಹೊತ್ತಿಗೆ ಕಿಡ್ನಿ ಸೋಲುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ, ಕೆಲವರಿಗೆ ಸ್ಟ್ರೋಕ್ ಹೊಡೆಯುತ್ತದೆ.

ಕಾರಣ 1967ರಲ್ಲಿ ಸಿಕ್ಕಿತು. ಅಮೆರಿಕದ ರಾಸ್ಕೋ ಬ್ರೇಡಿ ಮತ್ತು ಅವರ ತಂಡ ಈ ರೋಗಿಗಳಲ್ಲಿ ಒಂದು ಕಿಣ್ವ, ಅಂದರೆ ಎಂಜೈಮ್, ಕೆಲಸ ಮಾಡುತ್ತಿಲ್ಲ ಎಂದು ತೋರಿಸಿತು. ಅದರ ಈಗಿನ ಹೆಸರು ಆಲ್ಫಾ-ಗ್ಯಾಲಕ್ಟೊಸಿಡೇಸ್ ಎ. ಇದರ ಡ್ಯೂಟಿ ಲೈಸೋಸೋಮ್‌ನಲ್ಲಿ. ಲೈಸೋಸೋಮ್ ಅಂದರೆ ಜೀವಕೋಶದ ತಿಪ್ಪೆಗುಂಡಿ. ಹಳೆಯದೆಲ್ಲ ಅಲ್ಲಿ ಬಿದ್ದು, ಕೊಳೆತು, ಗೊಬ್ಬರವಾಗಿ ಮತ್ತೆ ಹೊಲಕ್ಕೆ ಹೋಗುತ್ತದೆ. ಜಿಬಿ-3 ಎಂಬ ಕೊಬ್ಬಿನ ತುದಿಯಲ್ಲಿ ಒಂದು ಗ್ಯಾಲಕ್ಟೋಸ್ ಸಕ್ಕರೆ ಅಂಟಿರುತ್ತದೆ. ಆ ಸಕ್ಕರೆಯನ್ನು ಕತ್ತರಿಸಿದರೆ ಮಾತ್ರ ಕೊಬ್ಬು ಮುಂದೆ ಕರಗುತ್ತದೆ. ಈ ಕಿಣ್ವವೇ ಆ ಕತ್ತರಿ. ಅದು ಇಲ್ಲದಿದ್ದರೆ ಜಿಬಿ-3 ತಿಪ್ಪೆಗೆ ಬಿದ್ದ ಪ್ಲಾಸ್ಟಿಕ್ ಹಾಗೆ. ಕೊಳೆಯುವುದಿಲ್ಲ, ರಾಶಿ ಬೀಳುತ್ತದೆ. ರಕ್ತನಾಳದ ಒಳಪದರ, ಕಿಡ್ನಿ, ಹೃದಯ, ನರ, ಎಲ್ಲ ಕಡೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಲೈಸೋಸೋಮ್ ಕಾಯಿಲೆ ಅಂದ ಕೂಡಲೇ ಸೋದರಮಾವ, ಅತ್ತೆ ಮಗ ಅಂತ ಸಂಬಂಧದೊಳಗಿನ ಮದುವೆಯ ಮಾತು ಬರುತ್ತದೆ. ಗೌಷರ್, ಪಾಂಪೆ ಥರದ ಕಾಯಿಲೆಗಳಲ್ಲಿ ಅದು ನಿಜ. ಅಲ್ಲಿ ತಂದೆ ತಾಯಿ ಇಬ್ಬರಿಂದಲೂ ತಪ್ಪು ಜೀನ್ ಬರಬೇಕು. ಫ್ಯಾಬ್ರಿಯ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ತಾಯಿಯಿಂದ ಒಂದು ಬಂದರೆ ಮಗನಿಗೆ ಸಾಕು. ಕಾಯಿಲೆ ಇರುವ ತಂದೆಯಿಂದ ಹೆಣ್ಣುಮಕ್ಕಳಿಗೆಲ್ಲ ಆ ಜೀನ್ ಹೋಗುತ್ತದೆ, ಗಂಡುಮಕ್ಕಳಿಗೆ ಒಬ್ಬರಿಗೂ ಹೋಗುವುದಿಲ್ಲ. ಹೆಂಗಸರು ಬರೀ ವಾಹಕರು, ಅವರಿಗೇನೂ ಆಗಲ್ಲ ಅನ್ನುವುದು ಹಳೆಯ ತಪ್ಪು ತಿಳಿವಳಿಕೆ. ಅವರಿಗೂ ಆಗುತ್ತದೆ, ಕೆಲವರಿಗೆ ಜೋರಾಗಿಯೇ.

ಕತ್ತರಿ ಮುರಿದಿಲ್ಲ, ದಾರಿಯಲ್ಲಿ ಸಿಕ್ಕಿಬಿದ್ದಿದೆ

ಮೊದಲು ಬಂದ ಚಿಕಿತ್ಸೆ ನೇರ ಇತ್ತು. ಇಲ್ಲದ ಕಿಣ್ವವನ್ನು ಹೊರಗಿನಿಂದ ಕೊಡುವುದು. 2001ರಲ್ಲಿ ಯುರೋಪಿನಲ್ಲಿ, 2003ರಲ್ಲಿ ಅಮೆರಿಕದಲ್ಲಿ ಇದು ಸಿಗಲು ಶುರುವಾಯಿತು. ಎರಡು ವಾರಕ್ಕೊಮ್ಮೆ ಡ್ರಿಪ್ ಹಾಕಿಸಿಕೊಳ್ಳಬೇಕು, ಜೀವನಪೂರ್ತಿ. ಇದರಿಂದ ಎಷ್ಟೋ ಜನರಿಗೆ ಅನುಕೂಲ ಆಗಿದೆ. ಆದರೆ ಕೆಲವರ ಮೈ ಈ ಹೊರಗಿನ ಕಿಣ್ವವನ್ನು ಶತ್ರು ಅಂದುಕೊಂಡು ಅದರ ವಿರುದ್ಧ ಪ್ರತಿಕಾಯ ಕಟ್ಟುತ್ತದೆ.

ಇನ್ನೊಂದು ದಾರಿ ತೆರೆದದ್ದು ಬೇರೆಯೇ ಪ್ರಶ್ನೆಯಿಂದ. ರೋಗಿಯ ಸ್ವಂತ ಕಿಣ್ವ ಎಲ್ಲಿ ಹೋಯಿತು?

ಈ ಕಿಣ್ವ 429 ಅಮೈನೋ ಆಮ್ಲಗಳ ಒಂದು ಸರಪಳಿಯಾಗಿ ಹುಟ್ಟುತ್ತದೆ. ಮೊದಲ 31 ಬರೀ ವಿಳಾಸದ ಚೀಟಿ, ಅದು ಕತ್ತರಿಸಿ ಹೋಗುತ್ತದೆ. ಉಳಿದ ಸರಪಳಿ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಕೋಣೆಯೊಳಗೆ ಮಡಚಿಕೊಂಡು ಆಕಾರಕ್ಕೆ ಬರುತ್ತದೆ. ಅಂಥ ಎರಡು ಸೇರಿ ಜೋಡಿಯಾಗುತ್ತವೆ. ಆ ಕೋಣೆಯ ಬಾಗಿಲಲ್ಲಿ ತಪಾಸಣೆ ಇದೆ. ಮಡಿಕೆ ಸಡಿಲವಾಗಿ, ಒಳಗಿರಬೇಕಾದ ಜಿಡ್ಡಿನ ಭಾಗ ಹೊರಗೆ ಇಣುಕುತ್ತಿದ್ದರೆ ಅದನ್ನು ತಡೆದು ನಿಲ್ಲಿಸುತ್ತಾರೆ. ಸರಿಹೋಗದಿದ್ದರೆ ಚೂರುಚೂರು ಮಾಡಲು ಕಳಿಸುತ್ತಾರೆ.

ಈ ತಪಾಸಣೆ ತುಂಬಾ ಕಟ್ಟುನಿಟ್ಟು. ಗಮನಿಸಬೇಕಾದದ್ದೂ ಇದನ್ನೇ. ಆರ್301ಕ್ಯೂ ಎಂಬ ಜೀನಿನ ತಪ್ಪನ್ನೇ ತಗೊಳ್ಳಿ. 301ನೇ ಜಾಗದಲ್ಲಿ ಆರ್ಜಿನಿನ್ ಬದಲು ಗ್ಲುಟಮಿನ್ ಕೂತಿದೆ, ಅಷ್ಟೇ. ಸಕ್ಕರೆ ಕತ್ತರಿಸುವ ಬಾಯಿ ಬೇರೆ ಕಡೆ ಇದೆ, ಅದಕ್ಕೇನೂ ಆಗಿಲ್ಲ. ಲೈಸೋಸೋಮ್ ಮುಟ್ಟಿದ್ದರೆ ಈ ಕಿಣ್ವ ತಕ್ಕಮಟ್ಟಿಗೆ ಕೆಲಸ ಮಾಡುತ್ತಿತ್ತು. ಮಡಿಕೆ ನಿಲ್ಲುತ್ತಿಲ್ಲ ಅನ್ನುವ ಒಂದೇ ಕಾರಣಕ್ಕೆ ಬಾಗಿಲಲ್ಲೇ ಸಾಯುತ್ತದೆ.

ಮದುವೆ ಮನೆಯಲ್ಲಿ ಹೊಸ ರೇಷ್ಮೆ ಸೀರೆ ಉಡುವುದನ್ನು ನೆನಪಿಸಿಕೊಳ್ಳಿ. ಗರಿಗರಿ ಸೀರೆ, ನೆರಿಗೆ ನಿಲ್ಲುವುದಿಲ್ಲ. ಒಬ್ಬಳು ಸೊಂಟದ ಹತ್ತಿರ ನೆರಿಗೆ ಕೂಡಿಸುತ್ತಿದ್ದರೆ ಇನ್ನೊಬ್ಬಳು ಕೆಳಗೆ ಕುಕ್ಕರಗಾಲಲ್ಲಿ ಕೂತು ತುದಿ ಎಳೆದು ಹಿಡಿದಿರುತ್ತಾಳೆ. ಸಿಕ್ಕಿಸಿ ಪಿನ್ ಹಾಕುವವರೆಗೆ ಹಿಡಿದಿರಬೇಕು. ಆಮೇಲೆ ಬಿಟ್ಟುಬಿಡಬೇಕು. ಬಿಡದಿದ್ದರೆ ಮದುಮಗಳು ಮಂಟಪಕ್ಕೆ ನಡೆಯುವುದು ಹೇಗೆ? ಈ ಕೆಲಸ ಮಾಡುವ ಔಷಧಗಳಿಗೆ ಫಾರ್ಮಕಲಾಜಿಕಲ್ ಶಾಪರೋನ್ ಅನ್ನುತ್ತಾರೆ. ಹಿಡಿಯುವುದು ಎಷ್ಟು ಮುಖ್ಯವೋ ಬಿಡುವುದೂ ಅಷ್ಟೇ ಮುಖ್ಯ. ಈ ಪ್ರಕರಣದ ತುಂಬ ಅದೇ ಮಾತು ಮತ್ತೆ ಮತ್ತೆ ಬರುತ್ತದೆ.

ಟೋಕಿಯೊದಲ್ಲಿ ತಲೆಕೆಳಗಾದ ಲೆಕ್ಕ

ಜಪಾನಿನಲ್ಲಿ ಕೆಲಸ ಮಾಡುತ್ತಿದ್ದ ಜಿಯಾನ್-ಚಿಯಾಂಗ್ ಫ್ಯಾನ್, ಸತೋಶಿ ಇಶಿಯಿ ಮತ್ತು ಜೊತೆಗಾರರು 1999ರಲ್ಲಿ ಒಂದು ವಿಚಿತ್ರ ಫಲಿತಾಂಶ ಪ್ರಕಟಿಸಿದರು. ಫ್ಯಾಬ್ರಿ ರೋಗಿಗಳ ರಕ್ತದಿಂದ ಬೆಳೆಸಿದ ಕೋಶಗಳಿಗೆ ಅವರು ಹಾಕಿದ್ದು ಡಿಜಿಜೆ ಎಂಬ ವಸ್ತು. ಮುಂದೆ ಮಿಗಲಾಸ್ಟಾಟ್ ಅಂತ ಹೆಸರು ಪಡೆದದ್ದು ಇದೇ. ಇದು ಈ ಕಿಣ್ವವನ್ನು ತಡೆಯುವ ವಸ್ತು. ನೋಡಲು ಗ್ಯಾಲಕ್ಟೋಸ್ ಥರವೇ ಇದೆ, ಉಂಗುರದಲ್ಲಿ ಆಕ್ಸಿಜನ್ ಇರಬೇಕಾದ ಕಡೆ ನೈಟ್ರೋಜನ್ ಇದೆ. ಕಿಣ್ವದ ಬಾಯಿಗೆ ಬಂದು ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಕಿಣ್ವ ಏನನ್ನೂ ಕತ್ತರಿಸಲಾರದು.

ಕಿಣ್ವವೇ ಕಡಿಮೆ ಇರುವ ರೋಗಿಗೆ ಕಿಣ್ವ ತಡೆಯುವ ವಸ್ತು ಕೊಡುವುದೇ? ಹಸಿದವನ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಆದರೆ ತಡೆಯಲು ಬೇಕಾದಷ್ಟಕ್ಕಿಂತ ಕಡಿಮೆ ಪ್ರಮಾಣದಲ್ಲಿ ಹಾಕಿದಾಗ ಕೋಶದೊಳಗೆ ಕಿಣ್ವದ ಕೆಲಸ ಏರಿತು. ತಪ್ಪು ಮಡಿಕೆಯ ಕಿಣ್ವ ಬಾಗಿಲು ದಾಟಿ ಲೈಸೋಸೋಮ್ ಸೇರುತ್ತಿತ್ತು.

ಹೇಗೆ ಅನ್ನುವುದು ಆಮೇಲಾಮೇಲೆ, ಕಿಣ್ವ ಮತ್ತು ಔಷಧದ ಹರಳಿನ ಚಿತ್ರ ಸಿಕ್ಕಾಗ, ಇನ್ನಷ್ಟು ಬಿಡಿಸಿಕೊಂಡಿತು. ಕಿಣ್ವದ ಬಾಯಲ್ಲಿ 170ನೇ ಜಾಗದಲ್ಲಿ ಆಸ್ಪಾರ್ಟಿಕ್ ಆಮ್ಲ ಇದೆ, ಅದಕ್ಕೆ ಋಣ ವಿದ್ಯುದಂಶ. ಔಷಧದ ನೈಟ್ರೋಜನ್‌ಗೆ ಧನ. ಎರಡೂ ಅಂಟಿಕೊಳ್ಳುತ್ತವೆ. ಮಡಚುವ ಕೋಣೆಯೊಳಗೆ ಪಿಎಚ್ ಸುಮಾರು 7, ನೀರಿನ ಹಾಗೆ ಸಪ್ಪೆ. ಅಲ್ಲಿ ಈ ಹಿಡಿತ ಗಟ್ಟಿ. ಲೈಸೋಸೋಮಿನ ಒಳಗೆ ಪಿಎಚ್ 4.5ರ ಆಸುಪಾಸು. ಹೆಚ್ಚುಕಡಿಮೆ ನಮ್ಮ ಮನೆಯ ಮೊಸರಿನ ಹುಳಿ. ಆ ಹುಳಿಯಲ್ಲಿ ಆಸ್ಪಾರ್ಟಿಕ್ ಆಮ್ಲದ ಋಣ ಅಂಶ ಕಮ್ಮಿಯಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಜೊತೆಗೆ ಅಲ್ಲಿ ರಾಶಿ ಬಿದ್ದಿರುವ ಜಿಬಿ-3 ಕೂಡ ಅದೇ ಬಾಯಿಗಾಗಿ ನೂಕುತ್ತಿರುತ್ತದೆ. ಔಷಧ ಜಾಗ ಖಾಲಿ ಮಾಡುತ್ತದೆ, ಕತ್ತರಿ ಕೆಲಸಕ್ಕೆ ಇಳಿಯುತ್ತದೆ.

ರೋಮ್‌ನಲ್ಲಿ ಒಬ್ಬ ರೋಗಿ

ಮನುಷ್ಯರ ಮೇಲೆ ಇದು ನಡೆಯುತ್ತದೆ ಎಂಬ ಮೊದಲ ಸುಳಿವು ಕೊಟ್ಟದ್ದು ಹಾಲಿನ ಸಕ್ಕರೆಯ ಅರ್ಧ ಭಾಗ. ಗ್ಯಾಲಕ್ಟೋಸ್ ಕೂಡ ಕಿಣ್ವದ ಬಾಯಲ್ಲಿ ಕೂರುತ್ತದೆ, ಆದರೆ ಹಿಡಿತ ಬಹಳ ಸಡಿಲ. ಇಟಲಿಯ ಆಂಡ್ರೆಯಾ ಫ್ರುಸ್ಟಾಚಿ ಮತ್ತು ಜೊತೆಗಾರರು 2001ರಲ್ಲಿ ವರದಿ ಮಾಡಿದ ರೋಗಿಗೆ 55 ವರ್ಷ. ಫ್ಯಾಬ್ರಿ ಅವರ ಹೃದಯಕ್ಕೇ ಮೆತ್ತಿಕೊಂಡಿತ್ತು. ಹೃದಯ ಬದಲಿಸುವ ಮಾತು ನಡೆದಿತ್ತು. ದಿನ ಬಿಟ್ಟು ದಿನ ಮೈತೂಕದ ಪ್ರತಿ ಕಿಲೋಗೆ 1 ಗ್ರಾಂನಂತೆ ಗ್ಯಾಲಕ್ಟೋಸನ್ನು ರಕ್ತನಾಳಕ್ಕೆ ಹರಿಸಿದರು. 70 ಕಿಲೋ ತೂಗುವವರಿಗೆ ಅದು ಪ್ರತಿ ಸಲ 70 ಗ್ರಾಂ. ಹಿಡಿತ ಸಡಿಲ ಇದ್ದದ್ದಕ್ಕೇ ಇಷ್ಟೊಂದು ಬೇಕಾಯಿತು. ಹೃದಯ ಚೇತರಿಸಿಕೊಂಡಿತು. ಹೃದಯ ಬದಲಿಸುವ ಅಗತ್ಯ ಬೀಳಲಿಲ್ಲ.

ಒಬ್ಬ ರೋಗಿ, ಹೋಲಿಸಲು ಇನ್ನೊಬ್ಬರಿಲ್ಲ. ಇದರಿಂದ ಏನೂ ಸಾಬೀತಾಗುವುದಿಲ್ಲ ಅಂತ ಕಟ್ಟುನಿಟ್ಟಿನವರು ಹೇಳುತ್ತಾರೆ, ಸರಿ. ಆದರೂ ಈ ಕತೆಯಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ ಇದೇ. ಇಡೀ ತತ್ವ ಒಂದು ಹೃದಯದ ಮೇಲೆ ನಿಂತಿತ್ತು, ಆ ಹೃದಯ ಮಾತು ಉಳಿಸಿಕೊಂಡಿತು.

67 ಜನ, ಅದರಲ್ಲಿ 17

ಆಮಿಕಸ್ ಶುರುವಾದದ್ದು 2002ರಲ್ಲಿ. 2005ರಿಂದ ಅದನ್ನು ನಡೆಸಿದ ಜಾನ್ ಕ್ರೌಲಿ ಅವರ ಇಬ್ಬರು ಮಕ್ಕಳಿಗೆ ಪಾಂಪೆ ಕಾಯಿಲೆ ಇತ್ತು. ಲೈಸೋಸೋಮ್ ಕಾಯಿಲೆ ಅವರಿಗೆ ಬರೀ ವ್ಯಾಪಾರ ಆಗಿರಲಿಲ್ಲ.

ಶುರುವಿನಲ್ಲಿ ಹೇಳಿದ ಪ್ರಯೋಗದ ಹೆಸರು ಫೇಸೆಟ್ಸ್. ಅದಕ್ಕೆ 67 ರೋಗಿಗಳು ಸೇರಿದರು, ಮೇಲಿನ ಲೆಕ್ಕಕ್ಕೆ ಸಿಕ್ಕವರು ಅವರಲ್ಲಿ 64. ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಹುಸಿ ಕ್ಯಾಪ್ಸೂಲ್, 6 ತಿಂಗಳು. ಶುರುವಿನಲ್ಲಿ ಮತ್ತು ಕೊನೆಯಲ್ಲಿ ಕಿಡ್ನಿಗೆ ಸೂಜಿ ಚುಚ್ಚಿ ತುಣುಕು ತೆಗೆದು, ಸಣ್ಣ ರಕ್ತನಾಳಗಳಲ್ಲಿ ಕೊಬ್ಬಿನ ಗಂಟು ಎಷ್ಟಿವೆ ಎಂದು ಸೂಕ್ಷ್ಮದರ್ಶಕದಲ್ಲಿ ಎಣಿಸಿದರು. ಗಂಟುಗಳು ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಪಾಸ್. ಈ ಅಳತೆಯೇ ನನಗೆ ಸರಿ ಕಾಣುವುದಿಲ್ಲ. ಮೊದಲೇ ಗಂಟು ಕಡಿಮೆ ಇದ್ದವರಲ್ಲಿ ಎಣಿಕೆ ಸ್ವಲ್ಪ ಆಚೀಚೆ ಆದರೂ ಅರ್ಧ ಇಳಿದ ಹಾಗೆ ಕಾಣುತ್ತದೆ. ಹುಸಿ ಕ್ಯಾಪ್ಸೂಲ್ ನುಂಗಿದ 9 ಜನ ಪಾಸಾದದ್ದರಲ್ಲಿ ಇದರ ಪಾಲು ಇದ್ದೀತು.

ಅದಕ್ಕಿಂತ ದೊಡ್ಡ ತೊಡಕು ರೋಗಿಗಳ ಆಯ್ಕೆಯಲ್ಲಿತ್ತು. ಈ ಜೀನಿನಲ್ಲಿ ಸಾವಿರಕ್ಕೂ ಹೆಚ್ಚು ಬಗೆಯ ತಪ್ಪುಗಳು ಗೊತ್ತಿವೆ. ಕೆಲವದರಲ್ಲಿ ಮಡಿಕೆ ಮಾತ್ರ ಸಡಿಲ. ಕೆಲವದರಲ್ಲಿ ಕತ್ತರಿಯ ಬಾಯಿಯೇ ಹೋಗಿದೆ. ಕೆಲವದರಲ್ಲಿ ಸರಪಳಿ ಅರ್ಧಕ್ಕೇ ನಿಂತಿದೆ. ಯಾವ ತಪ್ಪಿಗೆ ಔಷಧ ಒಗ್ಗುತ್ತದೆ ಎಂದು ಗೊತ್ತುಮಾಡಲು ಒಂದು ಪರೀಕ್ಷೆ ಇತ್ತು. ಮನುಷ್ಯ ಮೂಲದ ಕಿಡ್ನಿ ಕೋಶಗಳಿಗೆ ಒಂದೊಂದೇ ತಪ್ಪು ಜೀನ್ ಹಾಕಿ, ಔಷಧ ಕೊಟ್ಟು, ಕಿಣ್ವ ಏರುತ್ತದೆಯೇ ನೋಡುವುದು. ಪ್ರಯೋಗಕ್ಕೆ ಜನರನ್ನು ಸೇರಿಸುವಾಗ ಈ ಪರೀಕ್ಷೆಯ ಮೊದಲ ರೂಪ ಮಾತ್ರ ಕೈಯಲ್ಲಿತ್ತು. ಆಮೇಲೆ ಅದನ್ನು ಬಿಗಿ ಮಾಡಿದರು. ಕಿಣ್ವದ ಕೆಲಸ ಕನಿಷ್ಠ 1.2 ಪಟ್ಟು ಏರಬೇಕು, ಜೊತೆಗೆ ಆ ಏರಿಕೆ ಆರೋಗ್ಯವಂತರ ಮಟ್ಟದ 3% ಆದರೂ ಇರಬೇಕು. ಈ ಹೊಸ ಜರಡಿಯಲ್ಲಿ ಆಡಿದಾಗ 67 ಜನರಲ್ಲಿ 17 ಮಂದಿ ಕೆಳಗೆ ಬಿದ್ದರು. ಅವರಿಗೆ ಈ ಔಷಧ ಕೆಲಸ ಮಾಡುವ ಸಾಧ್ಯತೆಯೇ ಇರಲಿಲ್ಲ.

ಉಳಿದ 50ರಲ್ಲಿ ಕಿಡ್ನಿ ತುಣುಕಿನ ಲೆಕ್ಕ ಸಿಕ್ಕಿದ್ದು 45 ಜನರದು. ಇಲ್ಲಿ ಅರ್ಧ ಇಳಿಯಿತೇ ಅಂತ ಕೇಳಲಿಲ್ಲ, ಪ್ರತಿ ರಕ್ತನಾಳಕ್ಕೆ ಸರಾಸರಿ ಎಷ್ಟು ಗಂಟು ಅಂತ ನೋಡಿದರು. ಔಷಧ ತಗೊಂಡವರಲ್ಲಿ 0.25 ಇಳಿದಿತ್ತು. ಹುಸಿ ಕ್ಯಾಪ್ಸೂಲ್‌ನವರಲ್ಲಿ 0.07 ಏರಿತ್ತು. ಔಷಧ ನಿಷ್ಪ್ರಯೋಜಕವಾಗಿದ್ದರೂ ಇಂಥ ಅಂತರ ಬರುವ ಸಾಧ್ಯತೆ ಸಾವಿರಕ್ಕೆ 8.

ಉತ್ತರ ಪತ್ರಿಕೆ ನೋಡಿದ ಮೇಲೆ ಪ್ರಶ್ನೆ ಬದಲಿಸಿದ್ದಲ್ಲವೇ ಇದು? ಅಳತೆ ಬದಲಿಸಿದ್ದರ ಬಗ್ಗೆ ನನಗೆ ಆ ಅನುಮಾನ ಪೂರ್ತಿ ಹೋಗಿಲ್ಲ. ಜರಡಿಯ ಬಗ್ಗೆ ಇಲ್ಲ. ಜರಡಿ ಆಡಿಸಿದ್ದು ಗಾಜಿನ ತಟ್ಟೆಯ ಕೋಶಗಳ ಮೇಲೆ. ಯಾವ ರೋಗಿಗೆ ಗುಣವಾಯಿತು, ಯಾರಿಗೆ ಆಗಲಿಲ್ಲ ಎಂಬುದು ಆ ತಟ್ಟೆಗೆ ಗೊತ್ತಿಲ್ಲ. ಗುಣವಾದವರನ್ನು ಹೆಕ್ಕಿ ತೆಗೆದು ಲೆಕ್ಕ ತೋರಿಸುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ.

ಈ ಔಷಧದಲ್ಲಿ ಆಮಿಕಸ್‌ಗೆ ಜೊತೆಯಾಗಿದ್ದ ದೊಡ್ಡ ಔಷಧ ಕಂಪನಿ ಜಿಎಸ್‌ಕೆ 2013ರಲ್ಲಿ ಹಕ್ಕು ವಾಪಸ್ ಕೊಟ್ಟು ಹೊರಟುಹೋಯಿತು. ಎಫ್‌ಡಿಎ 2016ರಲ್ಲಿ ಇನ್ನೊಂದು ಪ್ರಯೋಗ ಮಾಡಿ ಅಂದಿತು, 2017ರಲ್ಲಿ ಮನಸ್ಸು ಬದಲಿಸಿ ಅರ್ಜಿ ಹಾಕಲು ಬಿಟ್ಟಿತು. ಕೊನೆಗೆ ಕೊಟ್ಟ ಒಪ್ಪಿಗೆಗೂ ಷರತ್ತು ಹಾಕಿತು. ಜರಡಿಯಲ್ಲಿ ಪಾಸಾದ ತಪ್ಪು ಇರುವ ದೊಡ್ಡವರಿಗೆ ಮಾತ್ರ. ಈ ನಡುವೆ ಅಟ್ರಾಕ್ಟ್ ಎಂಬ ಎರಡನೇ ಪ್ರಯೋಗದಲ್ಲಿ, ಡ್ರಿಪ್ ಬಿಟ್ಟು ಕ್ಯಾಪ್ಸೂಲ್‌ಗೆ ಬದಲಾದವರ ಕಿಡ್ನಿ 18 ತಿಂಗಳ ಕೊನೆಗೆ ಡ್ರಿಪ್‌ನಲ್ಲೇ ಉಳಿದವರಿಗೆ ಸರಿಸಮ ಇತ್ತು.

ದಿನ ಬಿಟ್ಟು ದಿನ

ರೋಗಿಗಳಿಗೆ ಅರ್ಥ ಮಾಡಿಸಲು ಕಷ್ಟವಾಗುವುದು ಡೋಸ್. 123 ಮಿಲಿಗ್ರಾಂನ ಒಂದು ಕ್ಯಾಪ್ಸೂಲ್, ದಿನ ಬಿಟ್ಟು ದಿನ, ಒಂದೇ ಹೊತ್ತಿಗೆ. ಮರೆತರೆ ಮಾರನೇ ದಿನ ಎರಡು ನುಂಗುವ ಹಾಗಿಲ್ಲ. ಬೇಗ ಗುಣವಾಗಲಿ ಅಂತ ದಿನಾ ತಗೊಂಡರೆ ಕೆಡುತ್ತದೆ. ಮರೆಯಬಾರದು, ಇದು ಮೂಲತಃ ಕಿಣ್ವ ತಡೆಯುವ ವಸ್ತು. ಒಂದು ದಿನ ಹಿಡಿದು ಬಾಗಿಲು ದಾಟಿಸುತ್ತದೆ. ಕೆಲವೇ ಗಂಟೆಗಳಲ್ಲಿ ಅರ್ಧದಷ್ಟು ಮೈಯಿಂದ ಹೊರಗೆ ಹೋಗಿರುತ್ತದೆ. ದಾಟಿದ ಕಿಣ್ವ ಮಾತ್ರ ಇನ್ನೂ ಲೈಸೋಸೋಮಿನಲ್ಲಿ ದುಡಿಯುತ್ತಿರುತ್ತದೆ. ಬಿಡುವಿನ ದಿನವೇ ಕತ್ತರಿಯ ಕೆಲಸದ ದಿನ. ಊಟದ ಜೊತೆ ತಗೊಂಡರೆ ಮೈಗೆ ಸೇರುವುದು ಕಡಿಮೆ, ಅದಕ್ಕೆ ಮುಂಚೆ 2 ಗಂಟೆ, ಆಮೇಲೆ 2 ಗಂಟೆ ಹೊಟ್ಟೆ ಖಾಲಿ ಇರಬೇಕು. ನೀರು ಕುಡಿಯಬಹುದು, ಕಾಫಿ ಆಗದು. ಬೆಳಗ್ಗೆ ಎದ್ದ ಕೂಡಲೇ ಫಿಲ್ಟರ್ ಕಾಫಿ ಬೇಕು ಅನ್ನುವವರಿಗೆ ಇದು ಸಣ್ಣ ಶಿಕ್ಷೆಯೇನಲ್ಲ.

ಬಿಡುವುದು ಎಷ್ಟು ಮುಖ್ಯ ಅಂತ ಇದೇ ಕಂಪನಿಗೆ ಇನ್ನೊಂದು ಕಾಯಿಲೆಯಲ್ಲಿ ಮೊದಲೇ ಪಾಠ ಆಗಿತ್ತು. ಗೌಷರ್ ಕಾಯಿಲೆಗೆ ಐಸೋಫಾಗೊಮಿನ್ ಎಂಬ ಶಾಪರೋನ್ ಪ್ರಯತ್ನಿಸಿದರು. 2009ರಲ್ಲಿ ಫಲಿತಾಂಶ ಬಂತು. ರೋಗಿಗಳ ರಕ್ತಕಣಗಳಲ್ಲಿ ಕಿಣ್ವ ಏರಿತ್ತು. ಆದರೆ 18 ಜನರಲ್ಲಿ ಒಬ್ಬರಿಗೆ ಮಾತ್ರ ಕಾಣುವಷ್ಟು ಗುಣವಾಗಿತ್ತು. ನೆರಿಗೆ ಹಿಡಿದವಳು ಬಿಡಲೇ ಇಲ್ಲ ಅನ್ನುವುದೇ ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಈಗ ಅದೇ ಗೌಷರ್ ಕಿಣ್ವಕ್ಕೆ ಆಂಬ್ರಾಕ್ಸಾಲ್ ಪರೀಕ್ಷೆಯಲ್ಲಿದೆ. ಹೌದು, ನಮ್ಮ ಮೆಡಿಕಲ್ ಶಾಪಿನ ಕೆಮ್ಮಿನ ಸಿರಪ್‌ನಲ್ಲಿರುವುದೇ. ಅದೂ ಸಪ್ಪೆಯಲ್ಲಿ ಹಿಡಿದು ಹುಳಿಯಲ್ಲಿ ಬಿಡುತ್ತದೆ. ಹಾಗಂತ ಸಿರಪ್ ಕುಡಿಯಲು ಹೋಗಬೇಡಿ. ಈ ಪ್ರಯೋಗಗಳಲ್ಲಿ ಕೊಟ್ಟ ಪ್ರಮಾಣ ಕೆಮ್ಮಿನ ಡೋಸಿಗಿಂತ ಎಷ್ಟೋ ಪಟ್ಟು ಹೆಚ್ಚು.

ನಮ್ಮಲ್ಲಿಗೆ ಬಂದರೆ ಮೊದಲ ಅಡ್ಡಿ ದುಡ್ಡು. ಅಮೆರಿಕದಲ್ಲಿ ಮಿಗಲಾಸ್ಟಾಟ್ ಬಿಡುಗಡೆಯಾದಾಗ ವರ್ಷಕ್ಕೆ ಸುಮಾರು 3,15,000 ಡಾಲರ್. ಭಾರತದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಫ್ಯಾಬ್ರಿ ಸೇರಿದೆ. 2022ರ ತಿದ್ದುಪಡಿಯಂತೆ ಗೊತ್ತುಮಾಡಿದ ಕೇಂದ್ರಗಳಲ್ಲಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಅಂಥದೊಂದು ಕೇಂದ್ರ. ಜೀವನಪೂರ್ತಿ ಬೇಕಾದ ಔಷಧಕ್ಕೆ 50 ಲಕ್ಷ ಎಷ್ಟು ದಿನಕ್ಕೆ ಬರುತ್ತದೆ ಅನ್ನುವ ಲೆಕ್ಕ ಮನೆಯವರು ರಾತ್ರಿ ಕೂತು ಹಾಕುತ್ತಾರೆ.

ದುಡ್ಡಿನ ಮಾತಿಗೂ ಮುಂಚೆ ನೋಡಬೇಕಾದದ್ದು ಜೀನ್ ರಿಪೋರ್ಟಿನ ಒಂದು ಸಾಲು. ಅಲ್ಲಿ ಎನ್215ಎಸ್ ಅಂತ ಇದ್ದರೆ ಈ ಔಷಧ ಒಗ್ಗುತ್ತದೆ. ಆರ್227ಎಕ್ಸ್ ಅಂತ ಇದ್ದರೆ ಸರಪಳಿ 227ರಲ್ಲೇ ತುಂಡಾಗಿದೆ ಅಂತ ಅರ್ಥ. ಸೀರೆಯೇ ಅರ್ಧ ಇದ್ದಾಗ ನೆರಿಗೆ ಹಿಡಿಯುವವರಿಗೆ ಕೆಲಸ ಇಲ್ಲ. ಅವರಿಗೆ ಎರಡು ವಾರಕ್ಕೊಮ್ಮೆ ಡ್ರಿಪ್.